2 ಪರ್ಸೆಂಟ್ ಉಳಿಸಲು ಹೋಗಿ ಕಲಿತ ಲೆಕ್ಕ

ಆಫೀಸಿನಲ್ಲಿ ಸಪ್ಲೈಯರ್‌ಗಳ ಬಿಲ್ ಕಟ್ಟುವ ಕೆಲಸ ನನ್ನದು. ಹಲವು ಇನ್ವಾಯ್ಸ್‌ಗಳ ಕೆಳಗೆ ‘2/10 ನೆಟ್ 30’ ಅಂತ ಇರುತ್ತದೆ. 10 ದಿನದೊಳಗೆ ಕಟ್ಟಿದರೆ 2 ಪರ್ಸೆಂಟ್ ಡಿಸ್ಕೌಂಟ್, ಇಲ್ಲದಿದ್ದರೆ 30 ದಿನದೊಳಗೆ ಪೂರ್ತಿ ಹಣ ಅಂತ ಅದರ ಅರ್ಥ.

2 ಪರ್ಸೆಂಟ್ ಅಂದರೆ ಏನು ಮಹಾ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಒಂದು ದಿನ ಕೂತು ಲೆಕ್ಕ ಹಾಕಿದೆ. 10ನೇ ದಿನ 98 ಕೊಟ್ಟರೆ ಮುಗಿಯುವ ಬಿಲ್ಲಿಗೆ 30ನೇ ದಿನ 100 ಕೊಡುತ್ತೇವೆ. ಅಂದರೆ 98ನ್ನು ಇನ್ನೊಂದು 20 ದಿನ ನಮ್ಮ ಹತ್ತಿರ ಇಟ್ಟುಕೊಳ್ಳಲು 2 ತೆರುತ್ತಿದ್ದೇವೆ. ವರ್ಷದಲ್ಲಿ ಇಂಥ 20 ದಿನಗಳು 18 ಸಲ ಬರುತ್ತವೆ, ಹಾಗಾಗಿ ಇದು ವರ್ಷಕ್ಕೆ ಸುಮಾರು 37 ಪರ್ಸೆಂಟ್ ಬಡ್ಡಿಗೆ ಸಮ. ಅಷ್ಟು ಬಡ್ಡಿಗೆ ಯಾರಾದರೂ ಸಾಲ ಕೊಡುತ್ತೇನೆ ಅಂದರೆ ನಾವು ತೆಗೆದುಕೊಳ್ಳುತ್ತೇವಾ?

ಆ ಲೆಕ್ಕ ನೋಡಿದ ಮೇಲೆ ಎಲ್ಲ ಬಿಲ್ಲನ್ನೂ ಬೇಗ ಕಟ್ಟಲು ಶುರು ಮಾಡಿದೆ. ಸುಲಭ ಅಂತ ಕಾರ್ಡಿನಲ್ಲಿ. ತಿಂಗಳ ಕೊನೆಗೆ ಸ್ಟೇಟ್‌ಮೆಂಟ್ ನೋಡಿದರೆ ಪ್ರತಿ ಬಿಲ್ಲಿಗೂ 2.5 ಪರ್ಸೆಂಟ್ ಫೀ ಬಿದ್ದಿತ್ತು. ಪೇಮೆಂಟಿನ ಕೊನೆಯ ಪುಟದಲ್ಲಿ ಅದು ಬರೆದೇ ಇತ್ತು, ನಾನು ಗಮನಿಸಿರಲಿಲ್ಲ. ಇನ್ನೊಂದು ವಿಷಯವೂ ಆಗಲೇ ಗೊತ್ತಾಯಿತು: ಡಿಸ್ಕೌಂಟ್ ಸಿಕ್ಕಿದ್ದು ಮಾಲಿನ ಬೆಲೆಗೆ ಮಾತ್ರ, ಫೀ ಹಾಕಿದ್ದು ತೆರಿಗೆಯೂ ಸೇರಿದ ಮೊತ್ತಕ್ಕೆ. ಮಾಲು 100, ತೆರಿಗೆ 10 ಅಂತ ಇಟ್ಟುಕೊಳ್ಳಿ. ಡಿಸ್ಕೌಂಟ್ 2 ಕಳೆದರೆ 108. ಅದರ ಮೇಲೆ ಫೀ 2.70. ಒಟ್ಟು 110.70 ಹೋಯಿತು. ಸುಮ್ನೆ 30ನೇ ದಿನದವರೆಗೆ ಕಾದು ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದ್ದರೆ 110ಕ್ಕೆ ಮುಗಿಯುತ್ತಿತ್ತು.

ಈಗ ಬ್ಯಾಂಕ್ ಟ್ರಾನ್ಸ್‌ಫರ್ ಮಾಡುತ್ತೇನೆ. ಅದಕ್ಕೂ ಫೀ ಇದ್ದರೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ತಡವಾಗಿ ಕಟ್ಟಿದರೂ ಈ ಫೀ ಬರುತ್ತಿತ್ತಾ? ಬರುವುದಾದರೆ ಅದನ್ನು ಡಿಸ್ಕೌಂಟಿನ ಎದುರು ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಬೇಗ ಕಟ್ಟುವುದಕ್ಕಾಗಿಯೇ ಜಾಸ್ತಿ ಕೊಡುವ ಫೀ ಮಾತ್ರ ಲೆಕ್ಕಕ್ಕೆ. ಉದಾಹರಣೆಗೆ, ಅದೇ ದಿನ ಹಣ ತಲುಪಿಸಲು ಬ್ಯಾಂಕು 5 ಜಾಸ್ತಿ ಕೇಳಿದರೆ, ಡಿಸ್ಕೌಂಟ್ 2 ಪರ್ಸೆಂಟ್ ಇರುವಾಗ ಮಾಲಿನ ಬೆಲೆ 250 ದಾಟಿದರಷ್ಟೇ ಲಾಭ.

ದಿನಾಂಕದ ವಿಷಯದಲ್ಲಿ ನನಗೆ ಇದಕ್ಕಿಂತ ಜಾಸ್ತಿ ಬೇಸರವಾಗಿದೆ. ಒಂದು ದೊಡ್ಡ ಬಿಲ್ಲನ್ನು 10ನೇ ದಿನ ಸಂಜೆ ಕಳಿಸಿದೆ. ಶುಕ್ರವಾರ ಅದು. ಹಣ ಅವರ ಖಾತೆಗೆ ಸೇರಿದ್ದು ಸೋಮವಾರ, ಅಂದರೆ 13ನೇ ದಿನ. ಅವರು ಡಿಸ್ಕೌಂಟ್ ಒಪ್ಪದೆ ಬಾಕಿ ಕೊಡಿ ಅಂತ ಮೇಲ್ ಹಾಕಿದರು. ನಾನು ಕಳಿಸಿದ ದಿನ ಹಿಡಿದಿದ್ದೆ, ಅವರು ಹಣ ಬಂದ ದಿನ ಹಿಡಿದಿದ್ದರು. ಅವರ ಷರತ್ತಿನಲ್ಲಿ ಹಾಗೇ ಇತ್ತು, ವಾದ ಮಾಡಲು ಆಗಲಿಲ್ಲ. ಮತ್ತೆ, ಎಣಿಕೆ ಶುರುವಾಗುವುದು ಸಾಮಾನ್ಯವಾಗಿ ಇನ್ವಾಯ್ಸಿನ ಮೇಲಿರುವ ದಿನಾಂಕದಿಂದ, ಅದು ನಮ್ಮ ಮೇಲ್‌ಗೆ ಬಂದ ದಿನದಿಂದ ಅಲ್ಲ. ನಾಲ್ಕು ದಿನ ತಡವಾಗಿ ಬಂದ ಇನ್ವಾಯ್ಸಿಗೆ ನಮಗೆ ಉಳಿಯುವುದು ಆರೇ ದಿನ. ಅದಕ್ಕೇ ಈಗ ಬಿಲ್ ಬಂದ ತಕ್ಷಣ ಡಿಸ್ಕೌಂಟಿನ ಕೊನೆಯ ದಿನ ಬರೆದಿಟ್ಟು, ಅದಕ್ಕೆ ಮೂರು ದಿನ ಮುಂಚೆ, ನಡುವೆ ರಜೆ ಬಂದರೆ ಇನ್ನೂ ಮುಂಚೆ ಹಣ ಕಳಿಸುತ್ತೇನೆ.

ಸಂಬಳದ ವಾರ ಖಾತೆಯಲ್ಲಿ ಹಣ ಕಮ್ಮಿ ಇದ್ದರೆ ಮಾತ್ರ ಡಿಸ್ಕೌಂಟ್ ಬಿಡುತ್ತೇನೆ. ಸಂಬಳ ತಡ ಮಾಡಿ ಉಳಿಸಿದ ಹಣ ನನಗೆ ಬೇಡ.

ಕೆಲವು ಸಪ್ಲೈಯರ್‌ಗಳ ಪೇಮೆಂಟ್ ಪುಟ ಡಿಸ್ಕೌಂಟನ್ನು ತಾನಾಗಿ ಕಳೆಯುವುದಿಲ್ಲ, ಪೂರ್ತಿ ಮೊತ್ತವನ್ನೇ ತೋರಿಸುತ್ತದೆ. ಹಾಗೆ ಕಟ್ಟಿಬಿಟ್ಟರೆ ಆಮೇಲೆ ವಾಪಸ್ ಪಡೆಯಲು ವಾರಗಟ್ಟಲೆ ಮೇಲ್ ಬರೆಯಬೇಕು. ಅಂಥ ಕಡೆ ಮೊತ್ತವನ್ನು ನಾವೇ ತಿದ್ದಲು ಬರುತ್ತದಾ ಅಂತ ನೋಡುತ್ತೇನೆ. ಬರದಿದ್ದರೆ ಅವರ ಅಕೌಂಟ್ಸ್‌ನವರಿಗೆ ಫೋನ್ ಮಾಡಿ, ಡಿಸ್ಕೌಂಟ್ ಕಳೆದ ಇನ್ವಾಯ್ಸ್ ತರಿಸಿಕೊಂಡ ಮೇಲೆಯೇ ಕಟ್ಟುತ್ತೇನೆ.