ಕೊನೆಯವರ ವೇಗಕ್ಕೆ ಹಾಕಿದ ದಾರಿ: ಹಲೀಸ್ಕೊ ಹಳ್ಳಿಗಾಡಿನಲ್ಲಿ ನಮ್ಮ ಭಾನುವಾರದ ಸೈಕಲ್ ಸವಾರಿ

ಮೆಕ್ಸಿಕೊದ ಹಲೀಸ್ಕೊ ರಾಜ್ಯದ ಗ್ವಾಡಲಹಾರ ನಗರ 2004ರಿಂದ ಪ್ರತಿ ಭಾನುವಾರ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ತನ್ನ ದೊಡ್ಡ ರಸ್ತೆಗಳನ್ನು ವಾಹನಗಳಿಗೆ ಮುಚ್ಚಿ ಜನರಿಗೆ ಬಿಟ್ಟುಕೊಡುತ್ತದೆ. ವೀಯ ರೆಕ್ರೆಆಕ್ತೀವ ಎಂದು ಅದನ್ನು ಕರೆಯುತ್ತಾರೆ. ಸಾಫ್ಟ್‌ವೇರ್ ಕೆಲಸದ ಮೇಲೆ ಬೆಂಗಳೂರಿನಿಂದ ಬಂದ ನನಗೆ ಈ ಊರಿನ ಗೆಳೆಯರು ಸಿಕ್ಕಿದ್ದು ಆ ರಸ್ತೆಯಲ್ಲೇ. ಊರೊಳಗಿನ ಸುತ್ತು ಸಾಲದೆ ಕೆಲವರು ಹಳ್ಳಿಗಾಡಿಗೆ ಹೊರಟೆವು. ಈಗ ಆ ಗುಂಪಿಗೆ ದಾರಿ ಗೊತ್ತುಮಾಡುವ ಕೆಲಸ ಹೆಚ್ಚಾಗಿ ನನ್ನದು.

ದಾರಿ ಗೊತ್ತುಮಾಡುವಾಗ ನಾನು ಮೊದಲು ನೋಡುವುದು ನಕ್ಷೆಯನ್ನಲ್ಲ, ಬರುತ್ತೇನೆಂದವರ ಹೆಸರುಗಳನ್ನು. ಅವರಲ್ಲಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವರು ಯಾರು, ಅವರಿಗೆ ಎಷ್ಟು ಹೊತ್ತು ಬಿಸಿಲು ತಡೆಯುತ್ತದೆ ಎಂಬುದರ ಮೇಲೆ ದೂರ ತೀರ್ಮಾನವಾಗುತ್ತದೆ. ನಮ್ಮಲ್ಲಿ ಅರವತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿ ಒಬ್ಬರಿದ್ದಾರೆ. ಗಂಟೆಗೆ ಹನ್ನೆರಡು ಕಿಲೋಮೀಟರ್ ಅವರ ನಡೆ. ಅವರು ಬರುವ ದಿನ 35 ಕಿಲೋಮೀಟರ್ ಸಾಕು. ಗಟ್ಟಿ ಕಾಲಿನ ಹುಡುಗರಿಗೆ ಇದು ಮೊದಮೊದಲು ಹಿಡಿಸುತ್ತಿರಲಿಲ್ಲ. ಅವರಿಗೆ ದಾರಿಯ ಪಕ್ಕದಲ್ಲಿ ಒಂದು ಏರು ತೋರಿಸಿ, ಹತ್ತಿಬಂದು ನಮ್ಮನ್ನು ಕೂಡಿಕೊಳ್ಳಿ ಎನ್ನುತ್ತೇನೆ. ಇಬ್ಬರಿಗೂ ಭಾನುವಾರ ಸಾರ್ಥಕವಾಗುತ್ತದೆ.

ಹೊಸಬರನ್ನು ಕರೆದುಕೊಂಡು ಹೋಗಲು ನನಗೆ ಅತ್ಯಂತ ಪ್ರಿಯವಾದದ್ದು ಪಶ್ಚಿಮದ ಹಳೆಯ ರೈಲು ದಾರಿ. ತೇಉಚಿತ್ಲಾನ್ ಊರಿನ ಕಡೆಯಿಂದ ಅವಲುಲ್ಕೊ ಹಾದು ಎತ್ಸತ್ಲಾನ್‌ಗೆ ಹೋಗುವ ಈ ದಾರಿಯಲ್ಲಿ ರೈಲು ನಿಂತುಹೋಗಿ ಬಹಳ ಕಾಲವಾಯಿತು. ಹಳಿ ಇದ್ದ ಜಾಗವನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಸರಿಪಡಿಸಿ ವೀಯ ವೆರ್ದೆ, ಅಂದರೆ ಹಸಿರು ದಾರಿ, ಮಾಡಿದ್ದಾರೆ. ರೈಲಿಗೆ ಕಡಿದಾದ ಏರು ಆಗದು. ಆದ್ದರಿಂದ ಅದಕ್ಕಾಗಿ ಹಾಕಿದ ದಾರಿ ಸೈಕಲ್ಲಿಗೂ ಹಿತವಾಗಿರುತ್ತದೆ; ಗುಡ್ಡದ ನಾಡಿನಲ್ಲಿದ್ದೂ ಬಹುಪಾಲು ಸಮತಟ್ಟು. ಒಂದು ಕಡೆ ತೆಕೀಲ ಜ್ವಾಲಾಮುಖಿ, ಇನ್ನೊಂದು ಕಡೆ ಕಬ್ಬಿನ ಗದ್ದೆ. ಮಂಡ್ಯದ ಕಡೆಯವರಿಗೆ ಆ ಗದ್ದೆಗಳು ಬೇರೆ ದೇಶದವೆಂದು ಅನ್ನಿಸಲಾರವು. ಕಟಾವಿನ ಕಾಲದಲ್ಲಿ, ಅಂದರೆ ಚಳಿಗಾಲದಿಂದ ಬೇಸಿಗೆಯವರೆಗೆ, ಗದ್ದೆಗೆ ಬೆಂಕಿ ಹಾಕಿ ಗರಿ ಸುಟ್ಟು ಕಬ್ಬು ಕಡಿಯುತ್ತಾರೆ. ಕಪ್ಪು ಬೂದಿ ಗಾಳಿಯಲ್ಲಿ ತೇಲಿಬಂದು ಅಂಗಿಯ ಮೇಲೆ ಕೂರುತ್ತದೆ. ಆ ದಿನಗಳಲ್ಲಿ ಡಾಂಬರು ರಸ್ತೆ ದಾಟುವ ಕಡೆ ಎಲ್ಲರನ್ನೂ ಇಳಿಸಿ ನಡೆಸುತ್ತೇನೆ. ತಾಲ ಊರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿಗಳ ಹೊರೆ ಎರಡೂ ಬದಿಗೆ ಚಾಚಿರುತ್ತದೆ, ಚಾಲಕನಿಗೆ ಪಕ್ಕದಲ್ಲಿ ಇರುವವರು ಕಾಣುವುದಿಲ್ಲ.

ತೇಉಚಿತ್ಲಾನ್ ಮೇಲಿನ ಗುಡ್ಡದಲ್ಲಿ ಗ್ವಾಚಿಮೊಂತೋನೆಸ್ ಇದೆ. ಸುಮಾರು ಎರಡು ಸಾವಿರ ವರ್ಷ ಹಳೆಯ, ಮೆಟ್ಟಿಲು ಮೆಟ್ಟಿಲಾಗಿ ಏರುವ ದುಂಡನೆಯ ಪಿರಮಿಡ್ಡುಗಳು. ಚೌಕ ಪಿರಮಿಡ್ಡುಗಳ ನಾಡಿನಲ್ಲಿ ಇವು ಬಲು ಅಪರೂಪ. ಈ ಸೀಮೆಯ ಕತ್ತಾಳೆ ಹೊಲಗಳ ಜೊತೆಗೆ ಇವೂ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮಲ್ಲಿ ಹೊಲದ ಬೇಲಿಗೆ, ನಾರಿಗೆ ನೆಟ್ಟ ಕತ್ತಾಳೆಯ ಮೂಲ ನೆಲ ಇದು. ಇಲ್ಲಿ ಬೆಳೆಯುವುದು ತೆಕೀಲ ಮದ್ಯಕ್ಕೆ ಬೇಕಾದ ನೀಲಿ ಜಾತಿ. ನೆಟ್ಟ ಗಿಡ ಕಟಾವಿಗೆ ಬರಲು ಆರೇಳು ವರ್ಷ ಕಾಯಬೇಕು. ಅನಂತರ ಹಿಮದೋರ್ ಎನ್ನುವ ಕುಶಲ ಕೂಲಿಗಾರ ಉದ್ದ ಹಿಡಿಯ ದುಂಡು ಅಲಗಿನಿಂದ ಎಲೆಗಳನ್ನೆಲ್ಲ ಸವರಿ, ಒಬ್ಬ ಎತ್ತಲು ತಿಣುಕುವ ಗಡ್ಡೆಯನ್ನು ಹೊರತೆಗೆಯುತ್ತಾನೆ. ಆ ಕೆಲಸ ಕಂಡರೆ ನಮ್ಮ ಗುಂಪು ತಾನಾಗಿ ನಿಲ್ಲುತ್ತದೆ, ನಾನೂ ಅವಸರ ಮಾಡುವುದಿಲ್ಲ. ಕತ್ತಾಳೆ ಸಾಲಿನ ನಡುವಿನ ಕಾಲುದಾರಿಯಲ್ಲಿ ಮಾತ್ರ ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಸೈಕಲ್ಲಿನಷ್ಟು ಜಾಗ ಬಿಟ್ಟು ಹೋಗಬೇಕು, ಕನ್ನಡಕ ಕಡ್ಡಾಯ. ಎಲೆಯ ತುದಿಯ ಮುಳ್ಳು ನಮ್ಮ ಸೊಂಟದಿಂದ ಮುಖದವರೆಗಿನ ಎತ್ತರಕ್ಕೆ ನಿಂತಿರುತ್ತದೆ.

ಮುಳ್ಳಿನ ಮಾತು ಬಂದಿತು, ಟೈರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಇಲ್ಲಿ ವಿಸಾಚೆ ಎನ್ನುವ ಗಿಡ ನಮ್ಮ ಕಸ್ತೂರಿ ಜಾಲಿಯೇ. ಅದು ಅಮೆರಿಕ ಖಂಡದಿಂದ ನಮ್ಮ ಕಡೆಗೆ ಬಂದದ್ದು. ಅದಕ್ಕೆ ಬದಲೋ ಎಂಬಂತೆ ನಮ್ಮ ನೆಗ್ಗಿಲು ಮುಳ್ಳು ಸಾಗರ ದಾಟಿ ಇಲ್ಲಿ ನೆಲೆಸಿದೆ. ಇವೆರಡರ ನಡುವೆ ಟ್ಯೂಬ್ ಇರುವ ಟೈರು ಒಂದು ಬೆಳಗು ಬಾಳುವುದೂ ಕಷ್ಟ. ನಮ್ಮ ಗುಂಪಿನಲ್ಲಿ ಈಗ ಬಹುತೇಕ ಎಲ್ಲರದ್ದೂ ಟ್ಯೂಬ್‌ಲೆಸ್, ಒಳಗೆ ತೂತು ಮುಚ್ಚುವ ದ್ರವ. ಬೇಸಿಗೆಯ ಶಾಖಕ್ಕೆ ಆ ದ್ರವ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಿಸಬೇಕು. ಟೈರು 40 ಮಿಲಿಮೀಟರಿಗಿಂತ ಅಗಲವಿರಲಿ, ಗಾಳಿ ಕಲ್ಲಿನಂತೆ ಗಟ್ಟಿ ಬೇಡ. ಮುಳ್ಳು ಚುಚ್ಚಿಕೊಂಡದ್ದು ಕಂಡರೆ ಕೂಡಲೇ ಕೀಳದೆ, ಗಾಳಿ ಹಾಕುವ ಪಂಪು ಕೈಯಲ್ಲಿ ಹಿಡಿದುಕೊಂಡು ಆಮೇಲೆ ಕೀಳಬೇಕು.

ಪಳಗಿದವರಿಗೆ ಲಾ ಪ್ರಿಮಾವೆರ ಕಾಡು ಇದೆ. 1980ರಿಂದ ರಕ್ಷಿತ ಅರಣ್ಯ, ಮೂವತ್ತು ಸಾವಿರ ಹೆಕ್ಟೇರಿಗೂ ಹೆಚ್ಚು, ನಗರದ ಅಂಚಿನಲ್ಲೇ. ಹಳೆಯ ಜ್ವಾಲಾಮುಖಿಯ ನೆಲವಾದ್ದರಿಂದ ಅಲ್ಲಿ ಬಿಸಿನೀರಿನ ಹೊಳೆ ಹರಿಯುತ್ತದೆ, ನೆಲದ ತುಂಬ ಹಗುರವಾದ ಬಿಳಿ ಪುಡಿಗಲ್ಲು. ಇಳಿಜಾರಿನಲ್ಲಿ ಮುಂದಿನ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ. ಮಾರ್ಚಿನಿಂದ ಮೇ ತಿಂಗಳವರೆಗೆ ಕಾಡ್ಗಿಚ್ಚಿನ ಕಾಲ, ಆಗ ಅಲ್ಲಿಗೆ ಹೋಗುವುದೇ ಇಲ್ಲ.

ಈ ಸೀಮೆಯ ಬಗ್ಗೆ ಇನ್ನೊಂದು ಮಾತನ್ನು ಬಿಡುವಂತಿಲ್ಲ. 2025ರ ಮಾರ್ಚಿನಲ್ಲಿ, ಕಾಣೆಯಾದ ತಮ್ಮವರನ್ನು ಹುಡುಕಿಕೊಂಡು ಹೊರಟ ಕುಟುಂಬಗಳಿಗೆ ತೇಉಚಿತ್ಲಾನ್ ವ್ಯಾಪ್ತಿಯ ಒಂದು ತೋಟದ ಮನೆಯಲ್ಲಿ ನೂರಾರು ಬೂಟುಗಳು, ಬಟ್ಟೆಬರೆ, ಮೂಳೆಯ ಚೂರುಗಳು ಸಿಕ್ಕವು. ಆ ಸುದ್ದಿಯ ನಂತರ ಆ ಕಡೆ ಸೈಕಲ್ ತಿರುಗಿಸಲು ನಮಗೆ ಬಹಳ ದಿನ ಮನಸ್ಸಾಗಲಿಲ್ಲ. ಮತ್ತೆ ಹೋದದ್ದು ನಾವು ಯಾವಾಗಲೂ ತಿಂಡಿ ತಿನ್ನುತ್ತಿದ್ದ ಊಟದ ಮನೆಯವರು ಫೋನ್ ಮಾಡಿ ಕರೆದ ಮೇಲೆ. ಜನ ಬರದೆ ಅವರ ಒಲೆ ಉರಿಯುತ್ತಿರಲಿಲ್ಲ. ಅಂದಿನಿಂದ ಪ್ರತಿ ಶನಿವಾರ ಸಂಜೆ ದಾರಿಯ ಊರಿನವರೊಬ್ಬರಿಗೆ ಫೋನ್ ಮಾಡಿ ನಾಳೆ ಬರಬಹುದೇ ಎಂದು ಕೇಳುತ್ತೇನೆ. ಬೇಡ ಎಂದರೆ ಬೇಡ, ಕಾರಣ ಕೇಳುವುದಿಲ್ಲ. ಗೊತ್ತಿರದ ಕವಲಿಗೆ ನುಗ್ಗುವುದಿಲ್ಲ, ಕತ್ತಲಾಗುವವರೆಗೆ ಕಾಯದೆ ಮಧ್ಯಾಹ್ನಕ್ಕೇ ಹಿಂದಿರುಗುತ್ತೇವೆ, ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ.

ಒಂಟಿಯಾಗಿ ಬಿಡಬಾರದೆಂದರೆ ಕೊನೆಯಲ್ಲಿ ಬರುವವರ ಹಿಂದೆ ಒಬ್ಬರು ಇರಲೇಬೇಕು. ಗುಂಪಿನ ಅತ್ಯಂತ ಅನುಭವಿಗೆ ನಾನು ಕೊಡುವುದು ಆ ಜಾಗವನ್ನು. ಮುಂದಿನವರಿಗೆ ದಾರಿ ಗೊತ್ತಿದ್ದರೆ ಸಾಕು. ಹಿಂದಿನವರಿಗೆ ಸರಪಳಿ ಜೋಡಿಸಲು, ಸೆಳೆತ ಹಿಡಿದ ಕಾಲು ನೀವಲು, ಸೋತ ಮುಖ ಗುರುತಿಸಲು, ಮಾತಿನಲ್ಲಿ ಧೈರ್ಯ ತುಂಬಲು ಬರಬೇಕು. ಪ್ರತಿ ಕವಲಿನಲ್ಲಿ ಎಲ್ಲರೂ ನಿಲ್ಲುತ್ತೇವೆ. ಕೊನೆಯವರು ಬಂದು ನೀರು ಕುಡಿದು ಉಸಿರು ತಿರುಗಿದ ಮೇಲೆಯೇ ಮತ್ತೆ ಹೊರಡುವುದು. ಬಂದ ಕೂಡಲೇ ಹೊರಟುಬಿಟ್ಟರೆ ವಿಶ್ರಾಂತಿ ಹೆಚ್ಚು ಬೇಕಾದವರಿಗೇ ಅದು ಸಿಗದಂತಾಗುತ್ತದೆ.

ಹಳ್ಳಿಯವರ ಜೊತೆ ನಡೆದುಕೊಳ್ಳುವ ಬಗೆಯೂ ಸವಾರಿಯ ಭಾಗವೇ. ಎದುರಾದವರಿಗೆಲ್ಲ ಬುವೆನೊಸ್ ದೀಯಸ್, ಅಂದರೆ ಶುಭೋದಯ, ಹೇಳಬೇಕು, ಕುದುರೆಯ ಮೇಲಿದ್ದವರು ಎದುರಾದರೆ ಕೆಳಗಿಳಿದು ದಾರಿ ಬಿಡಬೇಕು. ಮುಳ್ಳುತಂತಿಯ ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು. ನಾಯಿ ಬೆನ್ನಟ್ಟಿದರೆ ಇಳಿದು ಸೈಕಲ್ಲನ್ನು ನಡುವೆ ಅಡ್ಡ ಹಿಡಿದು ನಡೆದರೆ ಸಾಮಾನ್ಯವಾಗಿ ಅದು ಸುಮ್ಮನಾಗುತ್ತದೆ.

ತಿನ್ನುವುದಕ್ಕೆ ಸಸ್ಯಾಹಾರಿಯಾದ ನನಗೆ ಇಲ್ಲಿ ತೊಂದರೆಯಾಗಿಲ್ಲ. ಬೇಯಿಸಿದ ಕಾಳಿಗೆ ಹಂದಿಕೊಬ್ಬು ಹಾಕುವುದು ಸಾಮಾನ್ಯ, ಅದನ್ನೊಂದು ಮೊದಲೇ ಕೇಳಿಕೊಳ್ಳಬೇಕು. ಕುಂಬಳ ಹೂವು ಮತ್ತು ಚೀಸ್ ತುಂಬಿ ಮಡಿಸಿದ ಕೆಸದಿಯ ಎಂಬ ರೊಟ್ಟಿ, ಸುಟ್ಟ ಪಾಪಾಸುಕಳ್ಳಿ ಎಲೆ, ಮೇಲೆ ಹಸಿಮೆಣಸಿನ ಚಟ್ನಿ. ಜೇಬಿನಲ್ಲಿ ಪಾಲಂಕೆತ, ಅಂದರೆ ನಮ್ಮ ಕಡಲೆಕಾಯಿ ಚಿಕ್ಕಿ. ಬಿಸಿಲಲ್ಲಿ ತುಳಿದು ಬಂದ ಮೇಲೆ ಕುಡಿಯಲು ತೆಹುವೀನೊಗೆ ಸಮನಾದದ್ದು ನನಗೆ ಗೊತ್ತಿಲ್ಲ: ಹುಳಿಬರಿಸಿದ ಮೆಕ್ಕೆಜೋಳದ ಹಿಟ್ಟು, ಬೆಲ್ಲ, ನಿಂಬೆರಸ, ಉಪ್ಪು, ಮೇಲೊಂದು ಉಂಡೆ ನಿಂಬೆಯ ಐಸು. ಬೆವರಿನಲ್ಲಿ ಕಳೆದುಕೊಂಡ ಉಪ್ಪು, ಸಕ್ಕರೆ, ನೀರು ಮೂರೂ ಒಂದೇ ಲೋಟದಲ್ಲಿ ಮರಳುತ್ತವೆ.

ಹೊಸದಾಗಿ ಬರುವವರು ಅಕ್ಟೋಬರ್ ಕೊನೆಗೆ ಬರಲಿ. ಜೂನಿನಲ್ಲಿ ಹಿಡಿದ ಮಳೆ ಆಗ ಬಿಟ್ಟಿರುತ್ತದೆ, ಗುಡ್ಡಗಳು ಇನ್ನೂ ಹಸಿರಾಗಿರುತ್ತವೆ, ಸತ್ತವರ ಹಬ್ಬಕ್ಕೆ ಬೆಳೆದ ಚೆಂಡು ಹೂವು ಹೊಲದಲ್ಲಿ ತುಂಬಿರುತ್ತದೆ. ಎತ್ಸತ್ಲಾನ್ ತಲುಪಿದರೆ ಊರಿನ ಹೆಂಗಸರು ಬಣ್ಣದ ಪ್ಲಾಸ್ಟಿಕ್ ದಾರದಲ್ಲಿ ಹೆಣೆದು ಬೀದಿಯ ಮೇಲೆ ಕಟ್ಟಿದ ಚಪ್ಪರದ ನೆರಳಿದೆ. 2019ರಲ್ಲಿ ಗಿನ್ನೆಸ್ ದಾಖಲೆ ಬರೆದ ಕೈಕೆಲಸ ಅದು. ಅಲ್ಲಿ ಸೈಕಲ್ಲುಗಳನ್ನು ಬಾಡಿಗೆಯ ಪಿಕಪ್ ಗಾಡಿಗೆ ಹೇರುತ್ತೇವೆ. ಪೆಡಲು ಇನ್ನೊಂದರ ಕಡ್ಡಿಗೆ ಸಿಕ್ಕದಂತೆ ನಡುವೆ ಹಳೆಯ ಕಂಬಳಿ ಹಾಕಿ ಹಗ್ಗ ಬಿಗಿಯುವಷ್ಟರಲ್ಲಿ, ಮುಂದಿನ ವಾರ ಎಲ್ಲರ ಹಿಂದೆ ಬರುವವರು ಯಾರೆಂದು ಗೊತ್ತುಮಾಡಿಕೊಳ್ಳುತ್ತೇವೆ.