ಎದೆಯ ಮೇಲೆ 1,340 ಗ್ರಾಂ

ಮಗ ಹುಟ್ಟಿದ್ದು 31ನೇ ವಾರಕ್ಕೆ, ಎಂಟನೇ ತಿಂಗಳು ನಡೆಯುತ್ತಿದ್ದಾಗ. ನನ್ನ ಬಿಪಿ ಒಂದೇ ಸಮನೆ ಏರಿತ್ತು. ಶಿರಸಿಯಿಂದ ಆಂಬುಲೆನ್ಸಿನಲ್ಲಿ ಘಟ್ಟ ಇಳಿದು ಕಾರವಾರಕ್ಕೆ ಬಂದೆವು. ಮನೆಯಲ್ಲಿ ತೊಟ್ಟಿಲನ್ನು ಇನ್ನೂ ಅಟ್ಟದಿಂದ ಇಳಿಸಿರಲಿಲ್ಲ.

ಮೊದಲ ಸಲ ನೋಡಿದಾಗ ಪ್ರೀತಿ ಉಕ್ಕಲಿಲ್ಲ. ಕೆಂಪು ಚರ್ಮ, ಬೆನ್ನ ತುಂಬ ನವಿರು ಕೂದಲು, ಮೂಗಿಗೆ ನಳಿಕೆ. ಇದು ನನ್ನದಾ ಅನ್ನಿಸಿತು. ಪಕ್ಕದ ವಾರ್ಡಿನ ಮಕ್ಕಳು ಗಟ್ಟಿಯಾಗಿ ಅತ್ತರೆ ಹೊಟ್ಟೆಕಿಚ್ಚಾಗುತ್ತಿತ್ತು. ಹಿಂದಿನ ತಿಂಗಳು ಬಸ್ಸಿನಲ್ಲಿ ಕುಮಟೆಗೆ ಹೋಗಿದ್ದೆ, ಅದರಿಂದಲೇ ಹೀಗಾಯಿತು ಎಂದು ಕೊರಗುತ್ತಿದ್ದೆ. ಬಸ್ಸಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಬೇಕಾಯಿತು. ಅಷ್ಟರಲ್ಲಿ ನೋಡಲು ಬಂದ ನೆಂಟರೊಬ್ಬರು, ಏಳು ತಿಂಗಳಿನದು ಉಳಿಯುತ್ತದೆ, ಎಂಟರದು ಕಷ್ಟ ಅಂದರು. ಇದು ಶುದ್ಧ ಸುಳ್ಳು. ದಿನ ತುಂಬುವವರೆಗೆ ಹೊಟ್ಟೆಯಲ್ಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗುವಿಗೆ ಸಾಮಾನ್ಯವಾಗಿ ಒಳ್ಳೆಯದೇ. ಆದರೆ ಬಾಣಂತಿಗೆ ಆ ಮಾತು ಚುಚ್ಚದೆ ಇರುತ್ತದಾ?

ಹೀರುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಮಗು ಹೊಂದಿಸಿಕೊಳ್ಳುವುದು ಸುಮಾರು 34 ವಾರಕ್ಕಂತೆ. ಅಲ್ಲಿಯವರೆಗೆ ನಳಿಕೆಯಲ್ಲೇ ಹಾಲು. ಎರಡು ಮೂರು ಗಂಟೆಗೊಮ್ಮೆ ಕೈಯಿಂದ ಹಿಂಡಿ ತೆಗೆಯುತ್ತಿದ್ದೆ. ಮೊದಲ ದಿನ ಬಟ್ಟಲಿನ ತಳವೂ ಮುಚ್ಚಲಿಲ್ಲ. ಸಿಸ್ಟರ್ ಆ ಹಳದಿ ಹನಿಗಳನ್ನೂ ಬಿಡದೆ ಸಿರಿಂಜಿಗೆ ಎಳೆದುಕೊಂಡರು.

ಐದನೇ ದಿನ ಅವರು, ಮಗುವನ್ನು ಎದೆಗೆ ಹಾಕಿಕೊಳ್ಳಿ ಅಂದರು. "ನಾಳೆ ನೋಡೋಣ ಸಿಸ್ಟರ್" ಅಂದೆ. ಮರುದಿನವೂ ಅದನ್ನೇ ಹೇಳಿದೆ. ಕೈ ನಡುಗುತ್ತದೆ ಎಂದು ನೆಪ ಹೇಳಿದ್ದೆ. ನಿಜವಾಗಿ ಹೆದರಿದ್ದು ಬೇರೆಯದಕ್ಕೆ. ಹಚ್ಚಿಕೊಂಡ ಮೇಲೆ ಏನಾದರೂ ಆದರೆ? ಆಯಿಗೆ ಅದು ಹೇಗೋ ಗೊತ್ತಾಗಿತ್ತು. "ಎಂತೂ ಆಗ್ತಿಲ್ಲೆ" ಎಂದು ಬೆನ್ನು ಸವರಿದಳು, ಅಷ್ಟೇ.

ಏಳನೇ ದಿನ ಒಪ್ಪಿದೆ. ಮಗುವಿಗೆ ಟೊಪ್ಪಿ, ಕಾಲುಚೀಲ, ಡೈಪರ್ ಮಾತ್ರ. ಕಪ್ಪೆಯ ಹಾಗೆ ಕಾಲು ಮಡಚಿ, ಮೂಗು ಮುಚ್ಚದಂತೆ ಮುಖ ಪಕ್ಕಕ್ಕೆ ತಿರುಗಿಸಿ, ನನ್ನ ಬರಿ ಎದೆಗೆ ಆನಿಸಿ ಬಟ್ಟೆ ಕಟ್ಟಿದರು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ ಕಾಂಗರೂ ಆರೈಕೆ ಇದು. ಅಲ್ಲಿ ಮಕ್ಕಳನ್ನು ಬೆಚ್ಚಗಿಡುವ ಯಂತ್ರಗಳು ಸಾಲುತ್ತಿರಲಿಲ್ಲವಂತೆ.

ಹತ್ತು ನಿಮಿಷ ಮಗುವನ್ನು ನೋಡಲೇ ಇಲ್ಲ, ಮಾನಿಟರ್ ನೋಡುತ್ತ ಕೂತೆ. ಆಮೇಲೆ ಎದೆಗೆ ಅವನ ಉಸಿರು ತಾಗಿತು. ಅದನ್ನೂ ಪ್ರೀತಿ ಅನ್ನಲಾರೆ. ಇವನು ಬಿದ್ದರೆ ನಾನೇ ಹಿಡಿಯಬೇಕು ಅನ್ನಿಸಿತು. ನಾನು ಊಟಕ್ಕೆ ಎದ್ದಾಗ ಯಜಮಾನರು ಅಂಗಿ ಬಿಚ್ಚಿ ಕೂರುತ್ತಿದ್ದರು. ಅತ್ತೆ ನಾಚಿ ಹೊರಗೆ ಹೋಗುತ್ತಿದ್ದರು!

ಮುಂದೆ ಒಳಲೆಯಲ್ಲಿ ಹಾಲು ಕುಡಿಸಿದ್ದು, ಆಮೇಲೆ ನೇರ ಮೊಲೆಹಾಲು. 1,900 ಗ್ರಾಂ ದಾಟಿದ ಮೇಲೆ ಮನೆಗೆ ಬಂದೆವು. ದಾರಿಯುದ್ದಕ್ಕೂ ಅವನ ಮೂಗಿನ ಹತ್ತಿರ ಬೆರಳು ಹಿಡಿದೇ ಕೂತಿದ್ದೆ.

ಮೊನ್ನೆ ಪಕ್ಕದ ಮನೆಯವರು ಎಷ್ಟು ತಿಂಗಳು ಅಂತ ಕೇಳಿದರು. ಏಳು ಅಂದೆ. ಒಂಬತ್ತು ವಾರ ಮೊದಲೇ ಬಂದವನಲ್ವಾ, ಲೆಕ್ಕಕ್ಕೆ ಐದು ಅಂದೆ. ಅವರು ನನ್ನನ್ನೇ ಒಮ್ಮೆ ನೋಡಿ ಒಳಗೆ ಹೋದರು.