ಹಿಂಡಿನ ಬಳಿಯಲ್ಲೇ ಕುರಿಗಳಿಗೆ ಕೃತಕ ಗರ್ಭಧಾರಣೆ: ನನ್ನ ಅನುಭವ

ಕಳೆದ ಹಂಗಾಮಿನಲ್ಲಿ ಹುನಗುಂದ ಮತ್ತು ಬಾದಾಮಿ ತಾಲ್ಲೂಕುಗಳ ಹಿಂಡುಗಳಲ್ಲಿ ನಾನು ಎ.ಐ. (ಕೃತಕ ಗರ್ಭಧಾರಣೆ) ಮಾಡಿದ ಸುಮಾರು 400 ಕುರಿಗಳ ಪೈಕಿ ನೂರಕ್ಕೆ 55ರಷ್ಟು ಒಂದೇ ಬಾರಿಗೆ ಗಬ್ಬ ನಿಂತು ಈದವು. ಆಕಳು, ಎಮ್ಮೆಗಳಲ್ಲಿಯೇ ಹಳ್ಳಿಯ ಮಟ್ಟದಲ್ಲಿ 35ರಿಂದ 40 ಸಿಕ್ಕರೆ ಸಮಾಧಾನಪಡುವ ನಮ್ಮ ಎ.ಐ. ಕಾರ್ಯಕರ್ತರಿಗೆ ಈ ಅಂಕಿಯ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ. ಕುರಿಗೆ ಇದು ಆಗುವ ಕೆಲಸವಲ್ಲವೆಂದು ಹಿರಿಯ ಸಹೋದ್ಯೋಗಿಗಳು ಹೇಳಿದ್ದರು, ಕುರಿಗಾರರೂ ಹೇಳಿದ್ದರು. ಅಮೀನಗಡದ ಕುರಿ ಸಂತೆಯಲ್ಲಿ ಸಿಕ್ಕ ಒಬ್ಬ ಹಿರಿಯರು, "ತಮ್ಮಾ, ಟಗರ ಮಾಡೂ ಕೆಲಸಾ ನೀ ಮಾಡಿ ಯಾರಿಗಿ ಲಾಭ?" ಎಂದು ನೇರವಾಗಿಯೇ ಕೇಳಿದ್ದರು. ಈಗ ಅವರ ಹಿಂಡಿನಲ್ಲಿಯೇ ನಾನು ಕೊಟ್ಟ ವೀರ್ಯದ ಮರಿಗಳು ಮೇಯುತ್ತಿರುವುದರಿಂದ, ಮಾಡಿದ ಬಗೆಯನ್ನು ಬರೆಯಬಹುದೆಂಬ ಧೈರ್ಯ ಬಂದಿದೆ.

ಮೊದಲ ಹಂಗಾಮನ್ನು ನಾನು ಪೂರ್ತಿಯಾಗಿ ಹೆಪ್ಪುಗಟ್ಟಿಸಿದ ವೀರ್ಯದ ನಳಿಕೆಗಳ ಮೇಲೆ ಕಳೆದೆ. ಅವನ್ನಿಡುವ ದ್ರವಸಾರಜನಕದ ಕಂಟೇನರ್ ಕೈಯಲ್ಲಿತ್ತು, ನಳಿಕೆ ಕರಗಿಸುವ ರೂಢಿಯಿತ್ತು, ಆಕಳಿಗೆ ನಡೆದದ್ದು ಕುರಿಗೂ ನಡೆಯಬಹುದೆಂಬ ಲೆಕ್ಕಾಚಾರವೂ ಇತ್ತು. ಕುರಿಯ ಗರ್ಭಕಂಠದೊಳಗಿನ ಐದಾರು ಉಂಗುರಗಳು ಒಂದರ ನೇರಕ್ಕೆ ಇನ್ನೊಂದು ಬಾರದೆ ಓರೆಯಾಗಿ ಕೂತಿರುತ್ತವೆ. ಆಕಳಿನಂತೆ ಗುದದ್ವಾರದಿಂದ ಕೈ ಹಾಕಿ ಕಂಠವನ್ನು ಹಿಡಿದುಕೊಂಡು ವೀರ್ಯ ಬಿಡುವ ಗನ್ ದಾಟಿಸುವ ಅವಕಾಶವೂ ಅಲ್ಲಿಲ್ಲ. ಹೀಗಾಗಿ ಕಂಠದ ಬಾಯಲ್ಲಿ ಬಿಟ್ಟ ವೀರ್ಯಾಣುಗಳು ಮುಂದಿನ ದಾರಿಯನ್ನು ತಾವೇ ಈಜಬೇಕಾಗುತ್ತದೆ, ಹೆಪ್ಪುಗಟ್ಟಿ ಕರಗಿದ ವೀರ್ಯಾಣುವಿಗೆ ಆ ಕಸುವೂ ಇರುವುದಿಲ್ಲ, ಅಷ್ಟು ಹೊತ್ತಿನ ಆಯುಸ್ಸೂ ಇರುವುದಿಲ್ಲ. ನಳಿಕೆ, ಬೆದೆಗೆ ತರುವ ಹಾರ್ಮೋನಿನ ಸ್ಪಂಜು, ಇಂಜೆಕ್ಷನ್, ಪೆಟ್ರೋಲ್ ಎಲ್ಲ ಸೇರಿ 40,000 ರೂಪಾಯಿಗಳ ಹತ್ತಿರ ಖರ್ಚಾಯಿತು. ಹುಟ್ಟಿದ್ದು ಬೆರಳೆಣಿಕೆಯ ಮರಿಗಳು. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಲ್ಯಾಪರೊಸ್ಕೋಪಿನ ಮೂಲಕ ನೇರವಾಗಿ ಗರ್ಭಕೋಶದ ಕೊಂಬಿಗೆ ಬಿಟ್ಟರೆ ಹೆಪ್ಪುಗಟ್ಟಿಸಿದ ವೀರ್ಯದಿಂದಲೂ ಒಳ್ಳೆಯ ಫಲ ಸಿಗುತ್ತದೆಯಾದರೂ ಅದು ಪಶುವೈದ್ಯರ ಶಸ್ತ್ರಚಿಕಿತ್ಸೆಯ ಕೆಲಸ, ದಡ್ಡಿಯಲ್ಲಿ (ಕುರಿಗಳನ್ನು ಕೂಡುವ ಜಾಗದಲ್ಲಿ) ನಿಂತು ನಾವು ಮಾಡುವಂಥದ್ದಲ್ಲ.

ದಾರಿ ತೋರಿಸಿದ್ದು ಹಳೆಯ ವಿದ್ಯೆ. 20ನೇ ಶತಮಾನದ ಆರಂಭದಲ್ಲಿ ರಷ್ಯಾದ ಇಲ್ಯಾ ಇವಾನೊವ್ ಹಾಕಿಕೊಟ್ಟ ದಾರಿಯಲ್ಲಿ ಸೋವಿಯತ್ ದೇಶದವರು 1930ರ ದಶಕದಲ್ಲಿಯೇ ಲಕ್ಷಗಟ್ಟಲೆ ಕುರಿಗಳಿಗೆ ಎ.ಐ. ಮಾಡಿದ್ದರು, ದ್ರವಸಾರಜನಕದ ಕಂಟೇನರ್ ಇಲ್ಲದ ಆ ಕಾಲದಲ್ಲಿ ಅವರ ಕೈಯಲ್ಲಿದ್ದುದು ತಾಜಾ ವೀರ್ಯವೊಂದೇ. ನಮ್ಮ ದೇಶದಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯವರೂ ತಂಪುಗೊಳಿಸಿದ ದ್ರವ ವೀರ್ಯವನ್ನು ರೈತರ ಹಿಂಡುಗಳಲ್ಲಿ ಬಳಸಿದ್ದಾರೆ. ಇದನ್ನು ಓದಿದ ಮೇಲೆ ನಾನು ಕುರಿಯ ಕೆಲಸಕ್ಕೆ ಕಂಟೇನರ್ ಒಯ್ಯುವುದನ್ನೇ ಬಿಟ್ಟು, ಟಗರನ್ನೇ ಸಣ್ಣ ಗಾಡಿಯಲ್ಲಿ ಏರಿಸಿಕೊಂಡು ಹಿಂಡಿನ ಬಳಿಗೆ ಹೋಗತೊಡಗಿದೆ. ಗಾಡಿಯ ಬಾಡಿಗೆ ದಿನಕ್ಕೆ 800ರಿಂದ 1,000 ರೂಪಾಯಿ ಬೀಳುತ್ತದೆ, ಆದರೆ ವೀರ್ಯ ತೆಗೆದ ಗಳಿಗೆಗೂ ಕುರಿಗೆ ಕೊಡುವ ಗಳಿಗೆಗೂ ನಡುವೆ ಒಂದು ತಾಸಿಗಿಂತ ಹೆಚ್ಚು ಅಂತರ ಬೀಳುವುದಿಲ್ಲ. ದೂರದ ಹಿಂಡುಗಳಿಗೆ ಥರ್ಮಾಸಿನಲ್ಲಿ 15 ಡಿಗ್ರಿಯಲ್ಲಿಟ್ಟು ಒಯ್ದೂ ನೋಡಿದ್ದೇನೆ. ಐದಾರು ತಾಸಿನವರೆಗೆ ಅಡ್ಡಿಯಿಲ್ಲ, ಅದರಾಚೆ ಗಬ್ಬದ ಪ್ರಮಾಣ ಇಳಿಯುತ್ತ ಹೋಗುತ್ತದೆ.

ಟಗರಿನ ವೀರ್ಯ ಹಿಡಿಯುವ ಕೃತಕ ಯೋನಿಯನ್ನು ನಾನು ಪಿವಿಸಿ ಪೈಪಿನ ತುಂಡಿನಿಂದ ಮಾಡಿಕೊಂಡಿದ್ದೇನೆ. ಒಳಗಿನ ರಬ್ಬರ್ ಹೊದಿಕೆಯಲ್ಲಿ ನೀರಿನ ಉಷ್ಣ 42ರಿಂದ 45 ಡಿಗ್ರಿಯ ನಡುವೆ ಇರಬೇಕು. ಇದಕ್ಕಿಂತ ತಣ್ಣಗಾದರೆ ಟಗರು ಹತ್ತಿ ಇಳಿದುಬಿಡುತ್ತದೆ, ಬಿಸಿ ಹೆಚ್ಚಾದರೆ ಮರುದಿನ ಹತ್ತಿರವೂ ಬರುವುದಿಲ್ಲ. ಹೊಸ ಟಗರಿಗೆ ಇದನ್ನು ರೂಢಿ ಮಾಡಿಸಲು ಎರಡು ಮೂರು ವಾರ ಬೇಕು. ಅಪರಿಚಿತ ದಡ್ಡಿಯಲ್ಲಿ, ನಾಯಿ ಜನರ ನಡುವೆಯೂ ಅದು ನಾಚದೆ ವೀರ್ಯ ಕೊಡುವಂತೆ ಪಳಗಿಸುವುದಕ್ಕೆ ನನ್ನದೇ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಚೆನ್ನಾದ ಟಗರಿನ ಒಂದು ಮಿಲಿ ವೀರ್ಯ ಗಟ್ಟಿ ಕೆನೆಯ ಹಾಗಿರುತ್ತದೆ ಮತ್ತು ಅದರಲ್ಲಿ 300 ಕೋಟಿ ವೀರ್ಯಾಣುಗಳಿಗೆ ಕೊರತೆಯಿರುವುದಿಲ್ಲ. ಆಕಳಿನ ನಳಿಕೆಯಲ್ಲಿ 2 ಕೋಟಿ ಸಾಕಾದರೆ ಕುರಿಯ ಕಂಠದ ಬಾಯಿಗೆ 15ರಿಂದ 20 ಕೋಟಿಯಷ್ಟು ಕೊಡಬೇಕು, ಇದರಲ್ಲಿ ಜಿಪುಣತನ ಮಾಡಬಾರದು. ಆ ಲೆಕ್ಕದಲ್ಲಿ ಒಂದು ಸಲದ ವೀರ್ಯ 15 ಕುರಿಗಳಿಗೆ ಬರುತ್ತದೆ, ಬೆಳಿಗ್ಗೆ ಮೂರು ಸಲ ತೆಗೆದರೆ 40 ಕುರಿಗಳ ಕೆಲಸ ಮುಗಿಯುತ್ತದೆ. ವೀರ್ಯವನ್ನು ತೆಳುಮಾಡುವ ದ್ರಾವಣಕ್ಕೆ ಕೆನೆ ತೆಗೆದ ಹಾಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು 92ರಿಂದ 95 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸುತ್ತೇನೆ, ಏಕೆಂದರೆ ಹಸಿ ಹಾಲಿನಲ್ಲಿರುವ ಒಂದು ಪ್ರೋಟೀನು ವೀರ್ಯಾಣುಗಳಿಗೆ ವಿಷ. ಆರಿದ ಮೇಲೆ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಸೇರಿಸುತ್ತೇನೆ. ಇವುಗಳ ಜೊತೆಗೆ ಸೇರಿಸುವ ಇನ್ನೊಂದು ವಸ್ತುವನ್ನು ನನ್ನ ಬಳಿಯೇ ಉಳಿಸಿಕೊಳ್ಳುತ್ತೇನೆ.

ಇಷ್ಟೆಲ್ಲ ಆದ ಮೇಲೆಯೂ ತಾಜಾ ವೀರ್ಯದ ಮೊದಲ ಮುಂಗಾರಿನಲ್ಲಿ ನೂರಕ್ಕೆ 30ಕ್ಕಿಂತ ಮೇಲೆ ಹೋಗಲಿಲ್ಲ. ಕುರಿಗಳು ಬೆದೆಯಲ್ಲಿದ್ದವು, ಸಮಯ ಸರಿಯಿತ್ತು, ಕೈಯೂ ಪಳಗಿತ್ತು. ಕಾರಣ ತಿಳಿಯಬೇಕೆಂದು ಹುಬ್ಬಳ್ಳಿಯಿಂದ 12,000 ರೂಪಾಯಿಯ ಹಳೆಯ ಸೂಕ್ಷ್ಮದರ್ಶಕವೊಂದನ್ನು ತಂದು, ಜೂನ್ ತಿಂಗಳ ಒಂದು ಮುಂಜಾನೆ ನನ್ನ ಅತ್ಯುತ್ತಮ ಟಗರಿನ ವೀರ್ಯದ ಹನಿಯನ್ನು ಬೆಚ್ಚನೆಯ ಗಾಜಿನ ಮೇಲಿಟ್ಟು ನೋಡಿದೆ. ಅಲೆಯಲೆಯಾಗಿ ಸುಳಿಯಬೇಕಾಗಿದ್ದ ಹನಿ ಹೆಚ್ಚುಕಡಿಮೆ ನಿಂತೇ ಇತ್ತು, ಬಹಳಷ್ಟು ವೀರ್ಯಾಣುಗಳ ಬಾಲಗಳು ಸುರುಳಿ ಸುತ್ತಿಕೊಂಡಿದ್ದವು, ಕೆಲವಕ್ಕೆ ತಲೆಯೇ ಕಳಚಿತ್ತು. ಬರಿಗಣ್ಣಿಗೆ ಅದೇ ವೀರ್ಯ ಬೆಳ್ಳಗೆ, ದಪ್ಪಗೆ, ನೋಡಲು ಚೆನ್ನಾಗಿಯೇ ಇತ್ತು.

ಇದು ಏಪ್ರಿಲ್, ಮೇ ತಿಂಗಳ ಬಿಸಿಲಿನ ಫಲ. ಟಗರಿನ ವೃಷಣದಲ್ಲಿ ವೀರ್ಯಾಣು ತಯಾರಾಗಲು ಸುಮಾರು ಏಳು ವಾರ ಬೇಕು, ಅದು ಮಾಗಿ ಹೊರಬರಲು ಮತ್ತೆ ಹತ್ತು ಹದಿನೈದು ದಿನ ಬೇಕು. ವೃಷಣ ದೇಹಕ್ಕಿಂತ ನಾಲ್ಕೈದು ಡಿಗ್ರಿ ತಂಪಾಗಿದ್ದರೆ ಮಾತ್ರ ಈ ಕೆಲಸ ಸರಿಯಾಗಿ ನಡೆಯುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹರಳುಗಲ್ಲಿನ ಹೊಲದಲ್ಲಿ ಇಡೀ ದಿನ ಮೇಯ್ದ ಟಗರಿನ ವೀರ್ಯ ಹಾಳಾಗಿರುವುದು ಕಾಣಿಸುವುದು ಮಳೆ ಬಿದ್ದು ತಂಪಾದ ಮೇಲೆ, ಅಂದರೆ ಕುರಿಗಳು ಬೆದೆಗೆ ಬರುವ ಸರಿಯಾದ ಹೊತ್ತಿಗೆ. ಸಹಜವಾಗಿ ಹಾರಿಸುವ ಹಿಂಡುಗಳಲ್ಲಿ ಟಗರು ಮತ್ತೆ ಮತ್ತೆ ಹಾರುವುದರಿಂದ ಈ ದೋಷ ಮುಚ್ಚಿಹೋಗುತ್ತದೆ, ವೀರ್ಯವನ್ನು 15 ಪಾಲು ಮಾಡಿ ಹಂಚುವ ನಮ್ಮ ಕೆಲಸದಲ್ಲಿ ಬಯಲಾಗುತ್ತದೆ. ಈಗ ಯುಗಾದಿಯಿಂದಲೇ ಬೀಜದ ಟಗರುಗಳನ್ನು ಹಿಂಡಿನಿಂದ ಬಿಡಿಸಿ ಬೇವಿನ ಮರದ ನೆರಳಿನಲ್ಲಿ ಕಟ್ಟುತ್ತೇನೆ, ಸುತ್ತಲೂ ಗೋಣಿ ತಟ್ಟು ಇಳಿಬಿಟ್ಟು ನೀರು ಹೊಡೆಯುತ್ತೇನೆ, ಹೊಟ್ಟೆಯ ಮತ್ತು ವೃಷಣದ ಮೇಲಿನ ಉಣ್ಣೆಯನ್ನು ಕತ್ತರಿಸುತ್ತೇನೆ, ನಸುಕಿನಲ್ಲಿ ಹಾಗೂ ಕತ್ತಲಾದ ಮೇಲೆ ಮಾತ್ರ ಹೊರಗೆ ಬಿಡುತ್ತೇನೆ. ಕುದುರೆ ಮೆಂತ್ಯದ ಹಸಿಮೇವು, ಜೋಳದ ನುಚ್ಚು, ಖನಿಜ ಮಿಶ್ರಣ ಸೇರಿ ಬೇಸಿಗೆಗೆ ಒಂದು ಟಗರಿನ ಮೇಲೆ ಐದಾರು ಸಾವಿರ ರೂಪಾಯಿ ಹೆಚ್ಚಿಗೆ ಬೀಳುತ್ತದೆ. 30ರಿಂದ 50ರ ಮೇಲಕ್ಕೆ ಏರಿಸಿದ್ದು ಈ ನೆರಳು. ಬೇರಾವ ಔಷಧಿಯ ಮೇಲೆ ಹಾಕಿದ ಹಣವೂ ನನಗೆ ಇಷ್ಟು ಫಲ ಕೊಟ್ಟಿಲ್ಲ.

ಸ್ಪಂಜುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಾರದು. ಕುರಿಯ ಯೋನಿಯೊಳಗೆ 12ರಿಂದ 14 ದಿನ ಇಟ್ಟು ತೆಗೆದು, ಅಂಡ ಬಲಿಸುವ ಪಿ.ಎಂ.ಎಸ್.ಜಿ. ಹಾರ್ಮೋನಿನ ಇಂಜೆಕ್ಷನ್ ಕೊಟ್ಟು, 50ರಿಂದ 55 ತಾಸಿನೊಳಗೆ ಎ.ಐ. ಮಾಡುವ ಪದ್ಧತಿ ಕಟ್ಟಿ ಮೇಯಿಸುವ ಹಿಂಡುಗಳಿಗೆ ಒಳ್ಳೆಯದು. ಬಯಲಿನಲ್ಲಿ ಜಾಲಿಯ ಕಂಟಿಗಳ ನಡುವೆ ಮೇಯುವ ಕುರಿಗಳಲ್ಲಿ ಅದರ ದಾರ ಸಿಕ್ಕಿ ಸ್ಪಂಜೇ ಕಳಚಿ ಬೀಳುತ್ತದೆ. ತೆಗೆಯುವಾಗ ಸುರಿಯುವ ನಾರುವ ದ್ರವ ನೋಡಿ, ಕುರಿಗೆ ರೋಗ ಹಚ್ಚಿದೆಯೆಂದು ಕುರಿಗಾರರು ಜಗಳಕ್ಕೆ ಬಂದದ್ದೂ ಉಂಟು. ಕುರಿಯೊಂದಕ್ಕೆ 200 ರೂಪಾಯಿಯ ಮೇಲೆ ಖರ್ಚು ಬರುತ್ತದೆ, ಇಂಜೆಕ್ಷನ್ ಸ್ವಲ್ಪ ಹೆಚ್ಚಾದರೆ ಮೂರು ಮೂರು ಮರಿ ಹುಟ್ಟಿ ಒಂದೂ ಗಟ್ಟಿಯಾಗಿ ಉಳಿಯುವುದಿಲ್ಲ. ಈಗ ನಾನು ಮುಂಗಾರಿಗೆ ಮುಂಚೆ ಒಂದು ತಿಂಗಳಿಗಿಂತ ಹೆಚ್ಚು ಕಾಲ ಟಗರುಗಳನ್ನು ಕುರಿಗಳ ಕಣ್ಣಿಗೆ, ಮೂಗಿಗೆ ಸಿಗದಷ್ಟು ದೂರ ಇರಿಸಿ, ಆಮೇಲೆ ಹಾರಿದರೂ ಕೂಡಲಾಗದಂತೆ ಹೊಟ್ಟೆಗೆ ಗೋಣಿ ತಟ್ಟು ಕಟ್ಟಿದ ಟಗರುಗಳನ್ನು ಒಮ್ಮೆಗೇ ಹಿಂಡಿನೊಳಗೆ ಬಿಡಿಸುತ್ತೇನೆ. ಮೊದಲ ಅಂಡ ಬಹುಪಾಲು ಲಕ್ಷಣ ತೋರದ ಮೂಕ ಬೆದೆಯಲ್ಲಿ ಹೋಗುತ್ತದೆ, 17ರಿಂದ 25ನೆಯ ದಿನದೊಳಗೆ ಹಿಂಡಿನ ದೊಡ್ಡ ಪಾಲು ಒಟ್ಟಿಗೆ ಬೆದೆಗೆ ಬರುತ್ತದೆ. ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಬಳಿದಿದ್ದರೆ ಬೆದೆಯಲ್ಲಿರುವ ಕುರಿಯ ಟೊಂಕದ ಮೇಲೆ ಗುರುತು ಬೀಳುತ್ತದೆ. ಸಂಜೆ ಗುರುತು ಬಿದ್ದ ಕುರಿಗೆ ಮರುದಿನ ಬೆಳಿಗ್ಗೆ, ಬೆಳಿಗ್ಗೆ ಬಿದ್ದದ್ದಕ್ಕೆ ಅದೇ ಸಂಜೆ ಎ.ಐ. ಮಾಡುತ್ತೇನೆ.

ಎ.ಐ. ಮಾಡುವಾಗ ಕುರಿಯ ಹಿಂಗಾಲುಗಳನ್ನು ಅಡ್ಡಗಳದ ಮೇಲೆ ಎತ್ತಿ ಹಾಕಿ, ಮುಂಗಾಲು ನೆಲದ ಮೇಲಿರುವಂತೆ ಒಬ್ಬರು ಹಿಡಿದುಕೊಳ್ಳಬೇಕು. ಹಣೆಗೆ ಕಟ್ಟಿಕೊಂಡ ದೀಪದ ಬೆಳಕಿನಲ್ಲಿ ಯೋನಿಯನ್ನು ಅಗಲಿಸುವ ಸ್ಪೆಕ್ಯುಲಮ್ ತೆರೆದರೆ ನಸುಗೆಂಪಿನ ಮಡಿಕೆಯೊಂದರ ಕೆಳಗೆ ಕಂಠದ ಬಾಯಿ ಕಾಣುತ್ತದೆ. ಲೋಳೆ ನೀರಾಗಿದ್ದರೆ ಇನ್ನೂ ಹೊತ್ತಿದೆಯೆಂದೂ, ಸ್ವಲ್ಪ ಮಬ್ಬಾಗಿ ಗಟ್ಟಿಯಾಗಿದ್ದರೆ ಹೊತ್ತು ಸರಿಯಾಗಿದೆಯೆಂದೂ ನಾನು ಗುರುತಿಸುತ್ತೇನೆ. ಗನ್ನಿನ ತುದಿ ಒಂದೆರಡು ಸೆಂಟಿಮೀಟರ್ ಸಲೀಸಾಗಿ ಹೋದರೆ ಸಾಕು. ಇನ್ನೂ ಆಳಕ್ಕೆ ತಳ್ಳುವ ಆಸೆಗೆ ಬಿದ್ದವರು ರಕ್ತ ಬರಿಸುತ್ತಾರೆ, ರಕ್ತ ಬಂದ ಕುರಿ ನಿಂತದ್ದನ್ನು ನಾನು ಕಂಡಿಲ್ಲ. ಓಡಿಸಿ ಹಿಡಿದು, ಏದುಸಿರು ಬಿಡುತ್ತಿರುವ ಕುರಿಗೆ ಕೊಡುವುದಕ್ಕಿಂತ ಅರ್ಧ ತಾಸು ನೆರಳಿನಲ್ಲಿ ಕಟ್ಟಿ ನಂತರ ಕೊಡುವುದು ಮೇಲು. ಇನ್ನೂ ಒಮ್ಮೆಯೂ ಈಯದ ಕುರಿಗಳ ಕಂಠ ತೀರ ಕಿರಿದಾಗಿರುವುದರಿಂದ ಅವುಗಳನ್ನು ಟಗರಿಗೇ ಬಿಡುತ್ತೇನೆ.

ಇದೇ ಅವಧಿಯಲ್ಲಿ ಆಡುಗಳ ಮೇಲೆಯೂ ಪ್ರಯೋಗ ಮಾಡಿದೆ. ಆಡಿನ ಕಂಠ ಕುರಿಯದಕ್ಕಿಂತ ಸಲೀಸಾದುದರಿಂದ ಉಸ್ಮಾನಾಬಾದಿ ತಳಿಯ ಹೋತದ (ಗಂಡು ಆಡಿನ) ಹೆಪ್ಪುಗಟ್ಟಿಸಿದ ನಳಿಕೆಗಳೂ ತಕ್ಕಮಟ್ಟಿಗೆ ನಡೆದವು, ಕಂಟೇನರ್ ಇರುವವರು ಆಡಿನಿಂದಲೇ ಆರಂಭಿಸುವುದು ಒಳ್ಳೆಯದು. ಇನ್ನೊಂದು ಪ್ರಯೋಗ ಅವಳಿ ಮರಿಗಳದು. ಮಹಾರಾಷ್ಟ್ರದ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಸುಂದರಬನದ ಗಾರೋಲ ಕುರಿಯ ಅವಳಿ ಹುಟ್ಟಿಸುವ ಜೀನನ್ನು ಡೆಕ್ಕನಿ ಕುರಿಗೆ ಸೇರಿಸಿ ಸುವರ್ಣ ತಳಿಯನ್ನು ಬೆಳೆಸಿದ್ದಾರೆ. ಎರಡೂ ಪ್ರತಿಗಳಲ್ಲಿ ಆ ಜೀನಿರುವ ಟಗರಿನ ಎಲ್ಲ ಹೆಣ್ಣುಮರಿಗಳಿಗೂ ಅದರ ಒಂದು ಪ್ರತಿ ಬಂದೇ ಬರುತ್ತದೆ. ಅಂಥ ಒಂದು ಟಗರಿನ ವೀರ್ಯವನ್ನು ನಮ್ಮ ಕುರಿಗಳಿಗೆ ಕೊಟ್ಟೆ, ಅದರ ಹೆಣ್ಣುಮರಿಗಳು ಬೆಳೆದು ಈಯತೊಡಗಿದಾಗ ಅವಳಿಗಳು ಕಣ್ಣಿಗೆ ಕಾಣುವಷ್ಟು ಹೆಚ್ಚಾದವು. ಕಟ್ಟಿ ಮೇಯಿಸುವ ಮನೆಯವರಿಗೆ ಬಹಳ ಸಂತೋಷವಾಯಿತು. ಹಿಂಗಾರಿನಲ್ಲಿ ಹಿಂಡು ಹೊಡೆದುಕೊಂಡು ಊರೂರು ತಿರುಗುವ ಕುರಿಗಾರರು ಮಾತ್ರ ಬೇಡವೆಂದರು. ನಡೆಯಲಾರದ ಎರಡು ಮರಿಗಳನ್ನು ಹೊರುವವರಾರು, ತಾಯಿಯ ಹಾಲು ಎರಡಕ್ಕೆ ಸಾಲುವುದೆಲ್ಲಿ ಎಂಬ ಅವರ ಮಾತು ಪೂರ್ತಿ ಸರಿ. ವಲಸೆಯ ಹಿಂಡುಗಳಿಗೆ ನಾನು ಈಗ ಒಂಟಿ ಮರಿಯನ್ನೇ ದೊಡ್ಡದಾಗಿ ಬೆಳೆಸುವ ಯಳಗ ತಳಿಯ ಟಗರುಗಳ ವೀರ್ಯವನ್ನಷ್ಟೇ ಕೊಡುತ್ತೇನೆ.

ಹಣದ ಲೆಕ್ಕ ಹೀಗಿದೆ. ಒಳ್ಳೆಯ ಬೀಜದ ಟಗರಿಗೆ ಅಮೀನಗಡದಲ್ಲಿ ನಾನು ಕೊಟ್ಟ ಹೆಚ್ಚಿನ ಬೆಲೆ 70,000 ರೂಪಾಯಿಯ ಆಸುಪಾಸು. ಅಂಥದ್ದನ್ನು 50 ಕುರಿಗಳ ಸಣ್ಣ ಹಿಂಡಿನವರು ಕೊಳ್ಳಲಾರರು, ಆದ್ದರಿಂದ ಅದೇ ಹಿಂಡಿನಲ್ಲಿ ಹುಟ್ಟಿದ ಟಗರೇ ಅಕ್ಕತಂಗಿಯರ ಮೇಲೆ ಹಾರುತ್ತ ಮರಿಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತವೆ. ನಾನು ಕುರಿಗೆ 150 ರೂಪಾಯಿ ತೆಗೆದುಕೊಳ್ಳುತ್ತೇನೆ. ಮೂರನೆಯ ಒಂದು ಪಾಲು ಮುಂಗಡ, ಉಳಿದದ್ದು ಮರಿ ಕಂಡ ಮೇಲೆ. ನಾಲ್ಕು ತಿಂಗಳ ಗಂಡುಮರಿಗೆ ಸಂತೆಯಲ್ಲಿ 1,500 ರೂಪಾಯಿಯಷ್ಟು ಹೆಚ್ಚು ಬಂದದ್ದನ್ನು ಕಂಡವರು ಬಾಕಿ ಉಳಿಸಿಕೊಳ್ಳುವುದಿಲ್ಲ. ಈವರೆಗೆ ಟಗರು, ಸಲಕರಣೆ ಎಲ್ಲ ಸೇರಿ ಎರಡು ಲಕ್ಷದ ಮೇಲೆ ಹಾಕಿದ್ದೇನೆ, ಕಳೆದ ವರ್ಷದಿಂದ ಅದು ತಿರುಗಿ ಬರತೊಡಗಿದೆ. ಮರಿ ಎ.ಐ.ನದೋ ಟಗರಿನದೋ ಎಂಬ ತಕರಾರು ಬಾರದಿರಲು, ಎ.ಐ. ಆದ ಎರಡು ವಾರಗಳವರೆಗೆ ಹಿಂಡಿಗೆ ಯಾವ ಟಗರನ್ನೂ ತಟ್ಟು ಬಿಚ್ಚಿ ಬಿಡಬಾರದೆಂಬ ಷರತ್ತು ಹಾಕುತ್ತೇನೆ. 150 ದಿನಗಳ ಆಸುಪಾಸಿನಲ್ಲಿ ಈದವು ನನ್ನ ಲೆಕ್ಕಕ್ಕೆ, ವಾರ ಕಳೆದು ಈದವು ಟಗರಿನ ಲೆಕ್ಕಕ್ಕೆ.

ಕಂದು ಹಾಕುವ (ಗರ್ಭಪಾತವಾಗುವ) ಕುರಿಗಳು ಹೆಚ್ಚಾಗಿರುವ ಹಿಂಡಿಗೆ ನಾನು ಹೋಗುವುದಿಲ್ಲ, ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿಕೊಂಡು ಬರಲು ಹೇಳುತ್ತೇನೆ. ಕಂದು ಹಾಕಿಸುವ ಬ್ರುಸೆಲ್ಲಾ ರೋಗಾಣು ಇದ್ದರೆ ಅದು ನನ್ನ ಟಗರುಗಳಿಗೂ ನನಗೂ ತಗಲುತ್ತದೆ, ಟಗರುಗಳನ್ನು ಪ್ರತಿ ವರ್ಷ ಪರೀಕ್ಷೆ ಮಾಡಿಸುವುದೂ ಇದೇ ಕಾರಣಕ್ಕೆ. ಬರುವ ಮುಂಗಾರಿಗೆ ಮಲಪ್ರಭೆಯ ದಂಡೆಯ ಇನ್ನೂ ಐದಾರು ಹಿಂಡಿನವರು ಹೆಸರು ಬರೆಸಿದ್ದಾರೆ. ಅವರ ತಟ್ಟು ಕಟ್ಟುವ ಟಗರುಗಳನ್ನು ಈಗಲೇ ಬೇರೆಡೆ ಒಯ್ಯಲು ಹೇಳಿದ್ದೇನೆ, ನನ್ನ ಬೀಜದ ಟಗರುಗಳು ಯುಗಾದಿಯಿಂದ ನೆರಳಿನಲ್ಲಿವೆ.